ಒಂದು ಬುಟ್ಟಿ, ಎರಡು ಮೊಲ

ಬೆಳಿಗ್ಗೆ ಆರೂವರೆಗೆ ಬಸ್ಸು ಹೊರಟಿತು. ವೈನಿಯ ತೊಡೆಯ ಮೇಲಿದ್ದ ಒಂದೇ ಬುಟ್ಟಿಯಲ್ಲಿ ಎರಡು ಮೊಲ ಇದ್ದವು.

ವೈನಿ ಅಂದರೆ ನನ್ನ ಅಣ್ಣ ಸಂಗನಬಸಪ್ಪನ ಹೆಂಡತಿ ದಾನಮ್ಮ. ಒಂದು ಬುಟ್ಟಿಯಲ್ಲಿ ಎರಡು ಮೊಲ ಇಟ್ಟುಕೊಂಡು ನಮ್ಮ ಊರಿನಿಂದ ಅದುವರೆಗೆ ಯಾರೂ ಹೊರಗೆ ಹೋಗಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ನೋಡಲಿಕ್ಕೆಂದೇ ಜನ ಸೇರಿದ್ದರು. ಕೆಲವರು ಚಹಾದ ಬಸಿ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು.

ನಮ್ಮ ಊರು ಬಿಟ್ಟು ಹೋಗುವ ಪ್ರತಿಯೊಬ್ಬರೂ ಒಂದು ಮೊಲ ಒಯ್ಯುತ್ತಾರೆ. ಹೋಗುವುದಕ್ಕೆ ಅದು ಬೇಕಿಲ್ಲ, ತಿರುಗಿ ಬರುವುದಕ್ಕೆ ಬೇಕು. ಊರು ಇನ್ನೂ ದೂರ ಇರುವಾಗಲೇ ರಸ್ತೆಯ ಪಕ್ಕದಲ್ಲಿ ಅಕ್ಷರವಿಲ್ಲದ ಒಂದು ಮೈಲಿಗಲ್ಲು ಬರುತ್ತದೆ. ಬೋಳುಗಲ್ಲು ಅನ್ನುತ್ತೇವೆ. ಮೊಲ ಇದ್ದವರು ಬಸ್ಸಿನಲ್ಲಿ ಕುಳಿತು ಕಲ್ಲು ದಾಟಿ ಮನೆಗೆ ಬರುತ್ತಾರೆ. ಮೊಲ ಇಲ್ಲದವರೂ ಅದೇ ಬಸ್ಸಿನಲ್ಲಿ ಕುಳಿತಿರುತ್ತಾರೆ. ಆದರೆ ಕಲ್ಲು ದಾಟಿದ ಮೇಲೆ ಅವರ ಸೀಟು ಖಾಲಿ ಇರುತ್ತದೆ, ಅವರು ಚೀಲ ಹಿಡಿದುಕೊಂಡು ಕಲ್ಲಿನ ಹತ್ತಿರ ನಿಂತಿರುತ್ತಾರೆ. ನಡೆದು ಬಂದರೂ ಅಷ್ಟೇ, ಎತ್ತಿನ ಗಾಡಿಯಲ್ಲಿ ಬಂದರೂ ಅಷ್ಟೇ. ಇಂಥವರನ್ನು ಕಲ್ಲಾಚೆಯವರು ಅನ್ನುತ್ತೇವೆ. ಅವರಿರುವಲ್ಲಿಗೆ ಹೋಗಿ ಮಾತಾಡಿಸಿ ಬರಬಹುದು, ಹಬ್ಬಕ್ಕೆ ಹೋಳಿಗೆ ಒಯ್ದು ಕೊಡಬಹುದು. ಕರೆತರಲಿಕ್ಕೆ ಮಾತ್ರ ಆಗುವುದಿಲ್ಲ.

ಯಾವುದೋ ಒಂದು ಮೊಲ ಹಿಡಿದುಕೊಂಡರೂ ನಡೆಯುವುದಿಲ್ಲ. ಮೊಲ ತನ್ನದು ಅನ್ನಿಸಿದ್ದಕ್ಕೆ ಗದ್ದ ತಿಕ್ಕುತ್ತದೆ. ನೀರಿನ ಕುಡಿಕೆಗೆ, ಬಾಗಿಲ ಚೌಕಟ್ಟಿಗೆ, ಮಂಚದ ಕಾಲಿಗೆ ತಿಕ್ಕುತ್ತದೆ. ಇದನ್ನು ಎಲ್ಲ ಊರಿನ ಮೊಲಗಳೂ ಮಾಡುತ್ತವೆ. ನಮ್ಮ ಊರಿನಲ್ಲಿ ಹುಟ್ಟಿದ ಮೊಲ ವಸ್ತುಗಳಿಗೆ ಬೇಕಾದಷ್ಟು ತಿಕ್ಕುತ್ತದೆ, ಮನುಷ್ಯರಲ್ಲಿ ಮಾತ್ರ ಒಬ್ಬರಿಗೇ. ತಿಕ್ಕಿಸಿಕೊಂಡವರನ್ನು ಅದು ಕಲ್ಲು ದಾಟಿಸುತ್ತದೆ. ಹಾದಿಯಲ್ಲಿ ಅದು ಸತ್ತರೆ ಅವರು ಅಲ್ಲೇ ಉಳಿದರು ಅಂತಲೇ ಲೆಕ್ಕ.

ಅಣ್ಣ ಉಳಿದದ್ದು ಹಾಗೆ. ನಮ್ಮದು ಹಿಟ್ಟಿನ ಗಿರಣಿ. ನಾಲ್ಕು ವರ್ಷದ ಕೆಳಗೆ ಗಿರಣಿಗೆ ಎಂಜಿನ್ ತರಲು ಅವನು ಕಡಲ ದಂಡೆಯ ಪೇಟೆಗೆ ಹೋದ. ಬಸ್ಸಿಗೆ ಕಾಯಲಾರದೆ ಲಾರಿ ಹತ್ತಿದ. ಲಾರಿಯ ಕ್ಯಾಬಿನ್ನಿನ ಕಾವಿಗೆ ಘಟ್ಟ ಇಳಿಯುವಷ್ಟರಲ್ಲಿ ಮೊಲ ಸತ್ತಿತು. ಎಂಜಿನ್ ಊರಿಗೆ ಬಂತು, ಅಣ್ಣ ಬರಲಿಲ್ಲ. ಅಲ್ಲೇ ಒಂದು ಐಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಗಿರಣಿಯನ್ನು ವೈನಿ ನಡೆಸಿದಳು.

ಅಪ್ಪ ಎರಡು ಸಲ ಹೊಸ ಮೊಲವನ್ನು ಬೇರೆ ಬುಟ್ಟಿಯಲ್ಲಿ ಹಿಡಿದುಕೊಂಡು ಹೋಗಿದ್ದ. ರಾತ್ರಿ ಅಣ್ಣನ ತೊಡೆಯ ಮೇಲೆ ಇಟ್ಟು, ಗದ್ದವನ್ನು ತಾನೇ ಹಿಡಿದು ಅವನ ಅಂಗೈಗೆ ತಿಕ್ಕಿ, ಬೆಳಿಗ್ಗೆ ಬಸ್ಸು ಹತ್ತಿಸಿದ್ದ. ಎರಡು ಸಲವೂ ಊರು ಮುಟ್ಟಿದಾಗ ಪಕ್ಕದ ಸೀಟು ಖಾಲಿ ಇತ್ತು. ಹೊರಗಿನ ನೆಲದಲ್ಲಿ ಮೊಲ ಗದ್ದ ತಿಕ್ಕುವುದಿಲ್ಲ ಎಂದು ಹಿರಿಯರು ಮೊದಲಿನಿಂದ ಹೇಳುತ್ತಿದ್ದರು. ಅಪ್ಪ ಅದನ್ನು ಒಪ್ಪಿಕೊಂಡ.

ಒಪ್ಪಿಕೊಂಡ ಮೇಲೆ ಮುಂದಿನ ಮಾತು ಬಂತು. "ಬನ್ನಿ ಹಬ್ಬ ಮುಗೀಲಿ. ದಾನಮ್ಮಗ ಗುರುಶಿದ್ದನ ಜೋಡಿ ಉಡಿಕಿ ಮಾಡಿಬಿಡೂಣು. ಗಿರಣಿನೂ ಮನ್ಯಾಗ ಉಳೀತದ," ಎಂದ. ಗಂಡನ ಆಸೆ ಬಿಟ್ಟವಳಿಗೆ ಮಾಡುವ ಎರಡನೆಯ ಮದುವೆಗೆ ನಮ್ಮಲ್ಲಿ ಉಡಿಕಿ ಅನ್ನುತ್ತಾರೆ. ಗುರುಶಿದ್ದ ಅಂದರೆ ನಾನು.

ವೈನಿ ಹಿಟ್ಟು ಮೆತ್ತಿದ ಮುಖವನ್ನು ಸೆರಗಿನಿಂದ ಒರೆಸಿಕೊಂಡು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನಾ ಈ ಮನಿಗೆ ಬಂದಾಗ ನಿನ್ನ ಮೂಗು ಒರಿಸಿ ಸಾಲಿಗೆ ಕಳಿಸ್ತಿದ್ದೆ. ಈಗ ನಿನ್ನ ಜೋಡಿ ಉಡಿಕಿ ಮಾಡ್ಕೊಂಡು ಮತ್ತ ಅದ ಮೂಗು ಒರಸ್ಕೋತ ಕುಂದ್ರಲೇನು?"

"ನನಗೂ ಬ್ಯಾಡ ವೈನಿ," ಎಂದೆ.

"ಬ್ಯಾಡಂದ್ರ ನನ್ನ ಜೋಡಿ ಬಾ. ನಿಮ್ಮಣ್ಣನ ಕರಕೊಂಡು ಬರೂಣು."

ಅವಳು ಆಗಲೇ ತಯಾರಾಗಿದ್ದಳು. ಹಿತ್ತಲಲ್ಲಿ ಒಂದು ಬೂದು ಮೊಲವನ್ನು ಮರಿಯಿದ್ದಾಗಿನಿಂದ ಸೌಟಿನಲ್ಲಿ ಮೇವು ಕೊಟ್ಟು ಸಾಕಿದ್ದಳು. ಉದ್ದ ಹಿಡಿಯ ಸೌಟು, ಮದುವೆ ಮನೆಯಲ್ಲಿ ಸಾರು ಬಡಿಸುವಂಥದ್ದು. ಯಾರ ಕೈಯೂ ಅದರ ಹತ್ತಿರ ಹೋಗಬಾರದು, ಯಾರಿಗೂ ಅದು ಗದ್ದ ತಿಕ್ಕಬಾರದು, ಅದು ಅಣ್ಣನಿಗಾಗಿಯೇ ಉಳಿಯಬೇಕು ಅನ್ನುವುದು ಅವಳ ಹಟ. ಓಣಿಯ ಹೆಂಗಸರು ನೀರಿಗೆ ಹೋಗುವಾಗ ಗೋಡೆಯ ಮೇಲಿಂದ ಇಣುಕಿ, "ಇವತ್ತ ಏನು ಬಡಸೀದಿ ಬೀಗರಿಗೆ?" ಎಂದು ಕೇಳಿ ನಗುತ್ತಿದ್ದರು. ಆ ಬೂದು ಮೊಲದ ಜೊತೆ ಒಂದೇ ಗೂಡಿನಲ್ಲಿ ಬೆಳೆದದ್ದು ಅದರ ಒಡಹುಟ್ಟು, ಕರಿ ಚುಕ್ಕೆಯದು. ಅದು ವೈನಿಗೆ ತಿಕ್ಕಿದ ಮೊಲ.

ಈ ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಟ್ಟು ಅವಳು ಬಸ್ಸು ಹತ್ತಿದಾಗ ಕಂಡಕ್ಟರ್ ಮೌಲಾಸಾಬ ಸೀಟಿ ಬಾಯಿಂದ ತೆಗೆದ.

"ಏ ತಂಗಿ, ಎರಡ ಮೊಲ ಒಂದ ಬುಟ್ಟ್ಯಾಗ ಇಟ್ರ ಎರಡೂ ದಾರಿ ಮರೀತಾವ. ಇಳಿಸು ಒಂದನ್ನ."

"ಯಾರ ಮೊಲ ಹಂಗ ಮರೆತಿದ್ವು? ಒಂದು ಹೆಸರು ಹೇಳು, ಇಳಸ್ತೀನಿ."

ಮೌಲಾಸಾಬ ತಲೆ ಕೆರೆದುಕೊಂಡ. ಡ್ರೈವರನ ಕಡೆ ನೋಡಿದ. ಡ್ರೈವರ್ ಕನ್ನಡಿ ಒರೆಸುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದವರಿಗೂ ಒಂದು ಹೆಸರು ಹೊಳೆಯಲಿಲ್ಲ.

"ಹೆಸರು ಗೊತ್ತಿಲ್ಲವ್ವ. ಹಿರ್‍ಯಾರು ಹೇಳತಾರ."

"ದಾರಿ ತಪ್ಪಿದ್ರ ನಾ ತಪ್ಪತೀನಿ, ನಿನ್ನ ಬಸ್ಸೇನು ತಪ್ಪಂಗಿಲ್ಲ. ಸೀಟಿ ಊದು."

ಅವನು ಊದಿದ.

ನಮ್ಮ ಊರಿನ ಬಸ್ಸು ಬೇರೆ ಬಸ್ಸಿನಂತೆ ಓಡುವುದಿಲ್ಲ. ನೆರಳು ಕಂಡಲ್ಲಿ ನಿಲ್ಲುತ್ತದೆ. ನಿಂತ ಕೂಡಲೇ ಎಲ್ಲರೂ ಬುಟ್ಟಿಯ ಮೇಲಿನ ಒದ್ದೆ ಗೋಣಿತಟ್ಟು ಸರಿಸಿ ಒಳಗೆ ಕೈ ಹಾಕಿ ನೋಡುತ್ತಾರೆ. ಮೊಲ ಹಿಕ್ಕೆ ಹಾಕುತ್ತಿದ್ದರೆ ಅದು ತಿನ್ನುತ್ತಿದೆ, ಬದುಕಿದೆ. ಹಿಕ್ಕೆ ನಿಂತರೆ ಅರ್ಧ ದಿನದಲ್ಲಿ ಕೈಬಿಟ್ಟು ಹೋಗಬಹುದು. ಹಾಗಾಗಿ ಬೇರೆಯವರು ಊಟ ಆಯಿತೇ ಎಂದು ಕೇಳುವ ಕಡೆ ನಮ್ಮವರು, "ಹಿಕ್ಕಿ ಬಿತ್ತೇನ್ರಿ?" ಎಂದು ಕೇಳುತ್ತಾರೆ. ಬಿತ್ತು ಎಂದರೆ ಬಾಕಿ ಮಾತು ಶುರುವಾಗುತ್ತದೆ.

ಘಟ್ಟದ ತುದಿಯಲ್ಲಿ ಬಸ್ಸು ನಿಂತಾಗ ನನ್ನ ಮೊಲ ಹಿಕ್ಕೆ ಹಾಕಿರಲಿಲ್ಲ. ಕಣ್ಣು ಅಗಲ ಮಾಡಿ, ಕಿವಿ ಬೆನ್ನಿಗೆ ಅಂಟಿಸಿಕೊಂಡು ಮೂಲೆಯಲ್ಲಿ ಕುಳಿತಿತ್ತು. ಮುಂದಿನ ಸೀಟಿನವರದೂ ಹಾಗೆಯೇ ಇತ್ತು. ವೈನಿಯ ಬುಟ್ಟಿಯಲ್ಲಿ ಬೂದು ಮೊಲ ಚುಕ್ಕೆ ಮೊಲದ ಬೆನ್ನಿಗೆ ತಲೆ ಇಟ್ಟು, ಕಲ್ಲಂಗಡಿ ಸಿಪ್ಪೆಯನ್ನು ಕರುಕರು ಎಂದು ಕಡಿಯುತ್ತಿತ್ತು. ಕೆಳಗೆ ಹಿಕ್ಕೆಗಳು ಕಡಲೆಕಾಳು ಚೆಲ್ಲಿದಂತೆ ಬಿದ್ದಿದ್ದವು. ಮೌಲಾಸಾಬ ಬಗ್ಗಿ ನೋಡಿದ. ಇನ್ನೊಂದು ಸಲ ಬಗ್ಗಿ ನೋಡಿದ.

ಘಟ್ಟದ ಕೆಳಗೆ ಹತ್ತಿದ ಒಬ್ಬ ಹೊರ ಊರಿನ ಗೃಹಸ್ಥ, "ಅಯ್ಯೋ, ಎಷ್ಟು ಮುದ್ದಾಗಿದೆ," ಎಂದು ಬೂದು ಮೊಲಕ್ಕೆ ಬೆರಳು ಚಾಚಿದ. ವೈನಿ ಅವನ ಕೈಗೆ ಪಟ್ಟನೆ ಹೊಡೆದಳು. "ಮೊಲ ನನ್ನ ಗಂಡಂದ್ರಿ," ಎಂದಳು. ಆತ ಎದ್ದು ಹಿಂದಿನ ಸೀಟಿಗೆ ಹೋಗಿ ಕುಳಿತ.

ಮರುದಿನ ಮಧ್ಯಾಹ್ನ ಪೇಟೆ ಮುಟ್ಟಿದೆವು. ಅಣ್ಣ ಇದ್ದದ್ದು ರೋಜಲಿನ್ ಬಾಯಿ ಎಂಬ ವಿಧವೆಯ ಹಂಚಿನ ಮನೆಯ ಪಕ್ಕದ ಕೋಣೆಯಲ್ಲಿ. ಐಸ್ ಕಾರ್ಖಾನೆಯಿಂದ ಬಂದವನು ಬಾಗಿಲಲ್ಲೇ ನಿಂತ. ಹೆಂಡತಿಯನ್ನು ನೋಡಿದ, ನನ್ನನ್ನು ನೋಡಿದ, ಬುಟ್ಟಿಯನ್ನು ನೋಡಿ ಮುಖ ಬಿಗಿ ಮಾಡಿಕೊಂಡ. ಮೈಗೆಲ್ಲ ಮೀನಿನ ವಾಸನೆ.

"ಮತ್ತ ಮೊಲ ತಂದೇನು? ಆ ಕಲ್ಲಿನ ಹಂತ್ಯಾಕ ಚೀಲ ಹಿಡಕೊಂಡು ಇನ್ನೊಂದು ಸಲ ನಿಂದ್ರಾಂಗಿಲ್ಲ ನಾ. ನೀ ಬಂದು ಇಲ್ಲೇ ಇರು."

"ಗಿರಣಿ ಯಾರು ನಡಸೋರು? ನಿಮ್ಮ ಮೌಲಾಸಾಬನೇನು?" ಎಂದಳು ವೈನಿ. "ಅದೂ ಅಲ್ದ, ನೀವು ಬರಲಿಲ್ಲಂದ್ರ ಬನ್ನಿ ಮುಗದ ಮ್ಯಾಲೆ ಇವನ ಜೋಡಿ ನನಗ ಉಡಿಕಿ ಮಾಡ್ತಾರಂತ."

ಅಣ್ಣ ನನ್ನ ಕಡೆ ತಿರುಗಿದ. ನಾನು ಗೋಡೆಯ ಮೇಲಿನ ಏಸುವಿನ ಚಿತ್ರ ನೋಡುತ್ತ ನಿಂತೆ.

"ಇವನ ಜೋಡಿ?"

"ಹೂಂ. ಇವನ ಜೋಡಿ."

"ಈ ಮೊಲ ಎಷ್ಟು ತಿಂಗಳದು?" ಎಂದ ಅಣ್ಣ.

ಆಗ ವೈನಿ ತನ್ನ ಯೋಚನೆ ಹೇಳಿದಳು. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. "ಮಾವ ಎರಡ ಸಲ ಮೊಲ ತಂದ್ರು. ಒಂಟಿ ಮೊಲ. ಹಾದಿ ತುಂಬ ಹೆದರಿ ಹೆಣ ಆದಂಗ ಆಗಿತ್ತು. ರಾತ್ರಿ ತೊಡಿ ಮ್ಯಾಲೆ ಹಾಕಿ, ಬೆಳಗಾಗೂದ್ರಾಗ ನಿನ್ನ ಗಂಡ ಇವ, ಗದ್ದ ತಿಕ್ಕು ಅಂದ್ರ ಅದು ತಿಕ್ಕತೈತೇನು? ನಾ ನಿಮ್ಮ ಮನಿಗೆ ಬಂದಾಗ ಮೂರು ತಿಂಗಳು ಹೊಟ್ಟಿ ತುಂಬ ಉಂಡಿರಲಿಲ್ಲ. ಅತ್ತಿ ಎದುರು ನೀರು ಕೇಳೂದಕ್ಕೂ ನಾಚಿಕಿ. ನಮ್ಮ ತಂಗಿ ಬಂದು ಎಂಟ ದಿನ ಇದ್ದು ಹೋದ ಮ್ಯಾಲೆ ಅಡಗಿ ಮನ್ಯಾಗ ನೆಟ್ಟಗ ಓಡ್ಯಾಡಿದೆ. ಇದೂ ಹೆಣ್ಣು ಮೊಲ. ಇದರ ಒಡಹುಟ್ಟು ಕೂಡ ಬಂದೈತಿ. ಇದಕ್ಕ ಯಾರೂ ಅವಸರ ಮಾಡಬ್ಯಾಡ್ರಿ. ಬಸ್ಸು ಹೋದ್ರ ಹೋಗಲಿ, ಮುಂದಿನ ವಾರ ಮತ್ತ ಬರತೈತಿ."

ಇದು ನಮ್ಮ ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಮ್ಮವರು ಹೋದ ಬಸ್ಸಿನಲ್ಲೇ ತಿರುಗಿ ಬರುವವರು. ಹೊರಗೆ ಹೆಚ್ಚು ದಿನ ಇದ್ದರೆ ಸ್ವಂತ ಮೊಲ ಎಲ್ಲಿ ಸಾಯುತ್ತದೋ ಎಂಬ ಭಯ.

ಹೀಗೆ ನಾವು ಉಳಿದೆವು. ಕೋಣೆಯ ನೆಲಕ್ಕೆ ಹುಲ್ಲು ಹಾಸಿ ಎರಡು ಮೊಲಗಳನ್ನೂ ಬಿಟ್ಟಳು. ನನ್ನ ಮೊಲದ ಬುಟ್ಟಿಯನ್ನು ಪಕ್ಕದಲ್ಲಿಟ್ಟಳು. ಅದೂ ಅವೆರಡರ ಸದ್ದು ಕೇಳಿ ಮೇವಿಗೆ ಬಾಯಿ ಹಾಕಿತು. ಅಣ್ಣನಿಗೆ ಕಾರ್ಖಾನೆಯಿಂದ ಬಂದ ಕೂಡಲೇ ಸೀಗೆಕಾಯಿ ಹಚ್ಚಿ ಸ್ನಾನ, ಆಮೇಲೆ ನೆಲದ ಮೇಲೆ ಮಲಗುವುದು, ಅದೇ ಕೆಲಸ. ಮೊಲದ ಕಡೆ ನೋಡುವಂತಿಲ್ಲ, ಕೈ ಚಾಚುವಂತಿಲ್ಲ, ಕೆಮ್ಮು ಬಂದರೂ ಮೆಲ್ಲಗೆ. ನನಗೆ ನೆಲಕ್ಕೆ ಕಾಲು ಇಡುವುದೇ ನಿಷಿದ್ಧ. ಬೂದು ಮೊಲ ತಪ್ಪಿ ನನಗೆ ತಿಕ್ಕಿಬಿಟ್ಟರೆ ನನಗೆ ಎರಡು ಮೊಲ, ಅಣ್ಣನಿಗೆ ಒಂದೂ ಇಲ್ಲ. ನಾನು ಮಂಚದ ಮೇಲೆ ಕಾಲು ಮಡಚಿ ಕುಳಿತು ಊಟ ಮಾಡಿದೆ, ಅಲ್ಲೇ ಮಲಗಿದೆ.

ರೋಜಲಿನ್ ಬಾಯಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. "ಇದೆಂಥದು ದಾನಮ್ಮ? ಗಂಡನನ್ನು ಹೆಣದ ಹಾಗೆ ಮಲಗಿಸಿದ್ದೀ, ಮೈದುನನನ್ನು ಕೋಳಿ ಹಾಗೆ ಮಂಚಕ್ಕೆ ಹತ್ತಿಸಿದ್ದೀ. ನಿಮ್ಮ ಊರಲ್ಲಿ ಎಲ್ಲರೂ ಹೀಗೆಯಾ?"

"ಎಲ್ಲಾರೂ ಹಿಂಗಿದ್ರ ಇಷ್ಟೊತ್ತಿಗೆ ಎಲ್ಲಾರೂ ಮನಿ ಮುಟ್ಟತಿದ್ರು ಬಾಯಿ," ಎಂದಳು ವೈನಿ.

ಮೊದಲ ವಾರ ಬೂದು ಮೊಲ ಹುಲ್ಲಿನ ಮೂಲೆ ಬಿಟ್ಟು ಬರಲಿಲ್ಲ. ಬಸ್ಸು ಬಂತು, ಹೋಯಿತು. ಎರಡನೆಯ ವಾರ ಅದು ಚುಕ್ಕೆ ಮೊಲದ ಹಿಂದೆ ಹಿಂದೆ ಹೊರಟು ಟ್ರಂಕಿಗೆ ಗದ್ದ ತಿಕ್ಕಿತು. ನೀರಿನ ಕುಡಿಕೆಗೆ, ಮಂಚದ ನಾಲ್ಕೂ ಕಾಲಿಗೆ ತಿಕ್ಕಿತು. ಹೊರಗಿನ ನೆಲದಲ್ಲಿ ಮೊಲ ಗದ್ದ ತಿಕ್ಕುವುದಿಲ್ಲ ಎಂಬ ಹಿರಿಯರ ಮಾತು ಅಲ್ಲಿಗೆ ಸುಳ್ಳಾಯಿತು. ವೈನಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಬಾಗಿಲ ಹೊರಗೆ ಬಿಟ್ಟಿದ್ದ ರೋಜಲಿನ್ ಬಾಯಿಯ ಚಪ್ಪಲಿಗಳಿಗೂ ತಿಕ್ಕಿತು. "ಮಾರಾಯ್ತಿ, ನಾನು ನಿಮ್ಮ ಊರಿಗೆ ಬರಬೇಕಾ ಏನು?" ಎಂದು ಅವರು ಗಾಬರಿಯಾದರು. ಚಪ್ಪಲಿಯೊಳಗೆ ಕಾಲು ಇರಲಿಲ್ಲ, ಹೆದರಬೇಡಿ ಎಂದು ಸಮಾಧಾನ ಮಾಡಬೇಕಾಯಿತು.

ಅಣ್ಣನಿಗೆ ಮಾತ್ರ ತಿಕ್ಕಲಿಲ್ಲ. ಅವನನ್ನು ಸುತ್ತು ಹಾಕಿ ಹೋಗುತ್ತಿತ್ತು. ಎರಡನೆಯ ಬಸ್ಸೂ ಹೋದ ಸಂಜೆ ಅವನ ತಾಳ್ಮೆ ತಪ್ಪಿತು. ಪಕ್ಕದಲ್ಲಿ ಹಾದು ಹೋಗುತ್ತಿದ್ದ ಮೊಲವನ್ನು ಗಬಕ್ಕನೆ ಹಿಡಿದು ಎದೆಗೆ ಒತ್ತಿಕೊಂಡ. ಅದು ಹಿಂಗಾಲಿನಿಂದ ಒದ್ದು, ಕೈಗೆ ಉದ್ದಕ್ಕೆ ಗೀರಿ, ಮಂಚದ ಕೆಳಗೆ ನುಗ್ಗಿತು. ಮರುದಿನ ಸಂಜೆಯವರೆಗೆ ಮೇವು ಮುಟ್ಟಲಿಲ್ಲ. ಹಿಕ್ಕೆ ನಿಂತಿತು.

"ಮದವಿ ಆದಾಗೂ ನಿಮ್ಮದು ಹಿಂಗ ಅವಸರ," ಎಂದಳು ವೈನಿ. ರೋಜಲಿನ್ ಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ವೈನಿ ನಗಲಿಲ್ಲ. ಮಂಚದ ಕೆಳಗೆ ಮಲಗಿ, ಚುಕ್ಕೆ ಮೊಲವನ್ನು ಅದರ ಹತ್ತಿರ ಸರಿಸಿ, ಮುಲ್ಲಂಗಿ ಸೊಪ್ಪನ್ನು ಚೂರು ಚೂರು ಮಾಡಿ ಸೌಟಿನಲ್ಲಿ ನೂಕುತ್ತ ಇದ್ದಳು. ಮೊದಲು ಚುಕ್ಕೆ ಮೊಲ ತಿಂದಿತು. ಅದು ತಿನ್ನುವುದನ್ನು ನೋಡಿ ಬೂದು ಮೊಲ ತಿಂದಿತು. ಮೂರನೆಯ ಬಸ್ಸಿಗೆ ಆರು ದಿನ ಇತ್ತು. ಅದನ್ನು ಬಿಟ್ಟರೆ ಬನ್ನಿಗೆ ಮುಂಚೆ ಬೇರೆ ಬಸ್ಸು ಇರಲಿಲ್ಲ.

ಆ ಬಸ್ಸಿನ ಹಿಂದಿನ ದಿನ ಕಾರ್ಖಾನೆಯಲ್ಲಿ ದೋಣಿಗಳ ಗದ್ದಲ ಹೆಚ್ಚಾಗಿ ಅಣ್ಣ ದಣಿದು ಬಂದ. ಸ್ನಾನ ಮಾಡಿ ಎಂದಿನಂತೆ ನೆಲಕ್ಕೆ ಬಿದ್ದ. ಆದರೆ ಅವತ್ತು ನಿಜವಾಗಿ ನಿದ್ದೆ ಹೋದ. ಬಾಯಿ ತೆರೆದು ಗೊರಕೆ ಹೊಡೆದ. ಬೂದು ಮೊಲ ಕಿವಿ ನೆಟ್ಟಗೆ ಮಾಡಿತು. ಎದ್ದು ಬಂದು ಅವನ ಅಂಗಾಲು ಮೂಸಿತು. ಹಿಂದೆ ಸರಿಯಿತು. ಮತ್ತೆ ಬಂದು, ಬಲಗಾಲಿನ ಹೆಬ್ಬೆರಳಿಗೆ ಗದ್ದ ಇಟ್ಟು ಒಂದು ಸಲ, ಇನ್ನೊಂದು ಸಲ ತಿಕ್ಕಿತು. ಆಮೇಲೆ ಅಲ್ಲೇ ಕಾಲಿನ ಹತ್ತಿರ ಉದ್ದಕ್ಕೆ ಕಾಲು ಚಾಚಿ ಮಲಗಿತು.

ವೈನಿ ನನ್ನ ತೋಳು ಹಿಡಿದುಕೊಂಡಿದ್ದಳು. ಉಗುರು ನಟ್ಟಿತ್ತು.

"ಕಾಲಿಗೆ ತಿಕ್ಕಿದ್ರ ನಡೀತದೇನು ವೈನಿ?" ಎಂದು ಪಿಸುಗುಟ್ಟಿದೆ. ನಮ್ಮ ಊರಿನಲ್ಲಿ ಎಲ್ಲರಿಗೂ ಕೈಗೋ ಮುಖಕ್ಕೋ ತಿಕ್ಕಿದ್ದನ್ನು ಕೇಳಿದ್ದೆ. ಹೆಬ್ಬೆರಳಿನ ಸುದ್ದಿ ಕೇಳಿರಲಿಲ್ಲ.

"ಯಾಕ, ಕಾಲು ಅವರದಲ್ಲೇನು?" ಎಂದಳು. ಆದರೆ ರಾತ್ರಿ ಊಟಕ್ಕೆ ಕುಳಿತವಳು ತುತ್ತು ಕಲಸುತ್ತಲೇ ಇದ್ದಳು, ತಿನ್ನಲಿಲ್ಲ.

ಮರುದಿನ ಬಸ್ಸಿನಲ್ಲಿ ಅಣ್ಣ ಬೂದು ಮೊಲದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ವೈನಿಯ ಪಕ್ಕದಲ್ಲಿ ಕುಳಿತ. ಬುಟ್ಟಿಯಲ್ಲಿ ಚುಕ್ಕೆ ಮೊಲವೂ ಇತ್ತು. ಮೌಲಾಸಾಬ ಟಿಕೆಟ್ ಹರಿಯುವಾಗ, "ಸಂಗಣ್ಣ, ಕಲ್ಲಿನ ತನಕ ಹರೀಲೋ, ಊರ ತನಕ ಹರೀಲೋ?" ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಹಿಂದಿನ ಎರಡು ಸಲವೂ ಅವನೇ ಕಂಡಕ್ಟರ್ ಆಗಿದ್ದ.

"ಊರ ತನಕ," ಎಂದಳು ವೈನಿ.

ಎರಡನೆಯ ದಿನ ಬೋಳುಗಲ್ಲು ಬಂದಾಗ ಹೊತ್ತು ಇಳಿಯುತ್ತಿತ್ತು. ಬಸ್ಸು ವಾಡಿಕೆಯಂತೆ ನಿಂತಿತು. ಎಲ್ಲರೂ ಬುಟ್ಟಿಗಳನ್ನು ತೊಡೆಗೆ ಏರಿಸಿಕೊಂಡರು. ಅಣ್ಣ ಕಾಲಿನ ಹತ್ತಿರವಿದ್ದ ಚೀಲವನ್ನು ಕೈಗೆ ಎತ್ತಿಕೊಂಡ, ಕೆಳಗೆ ನಿಲ್ಲುವವನು ಹಿಡಿದುಕೊಳ್ಳುವ ಹಾಗೆ. ವೈನಿ ಅದನ್ನು ಕಿತ್ತು ಮತ್ತೆ ಕೆಳಗಿಟ್ಟಳು.

"ಚಪ್ಪಲಿ ಬಿಡ್ರಿ," ಎಂದಳು.

"ಯಾಕ?"

"ಬಿಡ್ರಿ ಅಂದೆ."

ಅವನು ಚಪ್ಪಲಿ ಬಿಟ್ಟ. ಅವಳು ಬುಟ್ಟಿಯ ಬಾಯಿ ತೆರೆದು ಬೂದು ಮೊಲವನ್ನು ಮೆಲ್ಲಗೆ ಅವನ ಪಾದಗಳ ನಡುವೆ ಇಟ್ಟಳು. ಮೊಲ ಹೆಬ್ಬೆರಳು ಮೂಸಿ ಅಲ್ಲೇ ಕುಳಿತಿತು. ಮೌಲಾಸಾಬ ಸೀಟಿ ಊದಿದ. ಬಸ್ಸು ಹೊರಟಿತು.

ನಾನು ಹಿಂದಿನ ಸೀಟಿನಲ್ಲಿದ್ದೆ. ಅಣ್ಣನ ಕುತ್ತಿಗೆಯ ಮೇಲೆ ಒಂದು ಮಚ್ಚೆ ಇದೆ, ಅದನ್ನೇ ನೋಡುತ್ತ ಕುಳಿತೆ. ಕಲ್ಲು ಕಿಟಕಿಯ ಪಕ್ಕಕ್ಕೆ ಬಂತು. ಹಿಂದಕ್ಕೆ ಹೋಯಿತು. ಮಚ್ಚೆ ಅಲ್ಲೇ ಇತ್ತು. ಬಸ್ಸು ತಿರುವು ದಾಟಿತು, ನಮ್ಮ ಊರಿನ ನೀರಿನ ಟಾಕಿ ಕಂಡಿತು. ಮಚ್ಚೆ ಅಲ್ಲೇ ಇತ್ತು. ನಾನು ಎದ್ದು ನಿಂತು ಅವನ ಹೆಗಲಿಗೆ ಕೈ ಹಾಕಿ ಅಲುಗಿಸಿದೆ. ಗಟ್ಟಿ ಹೆಗಲು.

"ಅಣ್ಣ ಅದಾನ!" ಎಂದು ಕೂಗಿದೆ. "ಅದಾನ, ಇಲ್ಲೇ ಅದಾನ!"

ಇಡೀ ಬಸ್ಸು ಎದ್ದು ನಿಂತಿತು. ಹಿಂದಿನವರು ಸೀಟಿನ ಮೇಲೆ ಹತ್ತಿದರು. ಒಬ್ಬ ಮುದುಕಿ ತನ್ನ ಮೊಲದ ಬುಟ್ಟಿ ಪಕ್ಕದವರಿಗೆ ಕೊಟ್ಟು ಬಂದು ಅಣ್ಣನ ಗಲ್ಲ ಚಿವುಟಿ ನೋಡಿದಳು. ಡ್ರೈವರ್ ಹಾರ್ನಿನ ಮೇಲೆ ಇಟ್ಟ ಕೈ ತೆಗೆಯಲೇ ಇಲ್ಲ. ಮೌಲಾಸಾಬ ಬಾಗಿಲಲ್ಲಿ ಜೋತುಬಿದ್ದು, ಹೊಲದಲ್ಲಿ ಕೆಲಸ ಮಾಡುತ್ತಿದ್ದವರಿಗೆಲ್ಲ, "ಸಂಗಣ್ಣ ಬಂದಾನೋ! ಕಲ್ಲು ದಾಟಿ ಬಂದಾನೋ!" ಎಂದು ಗಂಟಲು ಹರಿಯುವಂತೆ ಸಾರುತ್ತ ಬಂದ. ಹೊಲದವರು ಕೆಲಸ ಬಿಟ್ಟು ಬಸ್ಸಿನ ಹಿಂದೆ ಓಡಿದರು. ಅಣ್ಣ ಬಗ್ಗಿ, ಅಳುತ್ತಲೋ ನಗುತ್ತಲೋ ಗೊತ್ತಾಗದ ಹಾಗೆ, ತನ್ನ ಕಾಲಿನ ನಡುವೆ ಕುಳಿತಿದ್ದ ಮೊಲವನ್ನು ನೋಡುತ್ತಿದ್ದ. ಮುಟ್ಟಲಿಕ್ಕೆ ಮಾತ್ರ ಹೋಗಲಿಲ್ಲ.

"ಈಗ ಎತ್ಕೋಬಹುದೇನು?" ಎಂದು ಹೆಂಡತಿಯನ್ನು ಕೇಳಿದ.

"ಮೆಲ್ಲಕ," ಎಂದಳು ವೈನಿ. ಮೂರು ವಾರದಲ್ಲಿ ಅವಳು ಅತ್ತದ್ದು ಆಗ ಒಂದೇ ಸಲ.

ಬಸ್‌ಸ್ಟ್ಯಾಂಡಿಗೆ ಅಪ್ಪ ಬಂದಿದ್ದ. ಹಾರ್ನ್ ಕೇಳಿ ಗಿರಣಿಯಿಂದ ಹಾಗೆಯೇ ಓಡಿ ಬಂದವನು, ಮೈಯೆಲ್ಲ ಹಿಟ್ಟು. ಮಗನನ್ನು ಅಪ್ಪಿಕೊಂಡು ಅವನನ್ನೂ ಬೆಳ್ಳಗೆ ಮಾಡಿದ. ಆಮೇಲೆ ಸೊಸೆಯ ಕಡೆ ತಿರುಗಿ, "ಹಿಕ್ಕಿ ಬಿತ್ತೇನವ್ವ?" ಎಂದು ಕೇಳಿದ.

"ಬಿತ್ತರಿ ಮಾವ," ಎಂದಳು ವೈನಿ.

ರಾತ್ರಿ ನಮ್ಮ ಅಂಗಳದಲ್ಲಿ ಜನ ಹಿಡಿಯಲಿಲ್ಲ. ಕಲ್ಲಾಚೆ ಮಗ ಇದ್ದವರು, ಮಗಳು ಇದ್ದವರು, ಹೆಂಡತಿ ಇದ್ದವರು ಎಲ್ಲರೂ ಬಂದರು. ವೈನಿ ಕಟ್ಟೆಯ ಮೇಲೆ ಕುಳಿತು ಹೇಳಿದಳು: ಎರಡು ಒಡಹುಟ್ಟು ಮೊಲ, ಒಂದೇ ಬುಟ್ಟಿ, ಉದ್ದ ಸೌಟು, ಅವಸರ ಬೇಡ. ಗೋಡೆಯ ಮೇಲಿಂದ ಇಣುಕಿ ನಗುತ್ತಿದ್ದ ಹೆಂಗಸರು ಎದುರಿಗೇ ಕುಳಿತಿದ್ದರು. ಹೆಬ್ಬೆರಳಿಗೆ ತಿಕ್ಕಿದರೂ ನಡೆಯುತ್ತದೆಯೇ ಎಂದು ಒಬ್ಬರು ಕೇಳಿದಾಗ ಅಣ್ಣನನ್ನು ಕರೆದು ಕಾಲು ತೋರಿಸಿದಳು.

ಬನ್ನಿ ಹಬ್ಬದ ಮರುವಾರ ಹೊರಟ ಬಸ್ಸಿನಲ್ಲಿ ಜೋಡಿ ಮೊಲದ ಬುಟ್ಟಿಗಳಿಗೆ ಜಾಗ ಸಾಲದೆ ಮೌಲಾಸಾಬ ಹಿಂದಿನ ಎರಡು ಸಾಲು ಸೀಟುಗಳನ್ನು ಬಿಚ್ಚಿ ಇಳಿಸಿದ.